ಗಂಜಿನ ಅಂಗಡಿಗೆ ಎಐ: ಯಾವುದಕ್ಕೆ ಹಚ್ಚಬೇಕು, ಯಾವುದಕ್ಕೆ ಬೇಡ

ಓದುಗರ ಪತ್ರ: ಕಲಬುರಗಿಯ ಸಗಟು ಮಾರುಕಟ್ಟೆಯಾದ ನೆಹರು ಗಂಜಿನಲ್ಲಿ ನಮ್ಮದು ತೊಗರಿ ಬೇಳೆ ವ್ಯಾಪಾರ. ವರ್ಷಕ್ಕೆ 36 ಸಾವಿರ ಕೊಟ್ಟರೆ ಗಿರಾಕಿಗಳ ವಾಟ್ಸಾಪಿಗೆ ಉತ್ತರ, ಬಿಲ್ ಎಂಟ್ರಿ, ಜಾಹೀರಾತು ಎಲ್ಲವನ್ನೂ ಎಐ ಮಾಡುತ್ತದೆ ಎಂದು ಒಬ್ಬರು ಬೆನ್ನು ಬಿದ್ದಿದ್ದಾರೆ. ಮಗ ತಗೋಳೋಣ ಅನ್ನುತ್ತಾನೆ. ಲೆಕ್ಕ ಬರೆಯುವ ಹಳೆಯ ಮುನೀಮರಿಗೆ ಕೆಲಸ ಹೋಗುವ ಚಿಂತೆ. ಏನು ಮಾಡಲಿ?

ಸಂಪಾದಕರ ಉತ್ತರ: ರೊಕ್ಕ ಕಟ್ಟುವ ಮೊದಲು ಆ ಪ್ಯಾಕೇಜನ್ನು ಬಿಚ್ಚಿ ನೋಡಿ. ಅಂಗಡಿ ತೆರೆಯುವ ವೇಳೆ, ವಿಳಾಸ, ಸರಕಿನ ಪಟ್ಟಿ, ರಾತ್ರಿ ಬಂದ ಮೆಸೇಜಿಗೆ ‘ಬೆಳಿಗ್ಗೆ ತಿಳಿಸುತ್ತೇವೆ’ ಎಂಬ ಉತ್ತರ, ಇಷ್ಟನ್ನು ವಾಟ್ಸಾಪ್ ಬಿಸಿನೆಸ್ ಆ್ಯಪ್ ಪುಕ್ಕಟೆಯಾಗಿ ಮಾಡುತ್ತದೆ. ಅದಕ್ಕೆ ಎಐ ಬೇಕಿಲ್ಲ. ಉಳಿಯುವುದು ಮೂರು ಕೆಲಸ; ಮೂರಕ್ಕೂ ನಮ್ಮ ಉತ್ತರ ಬೇರೆ ಬೇರೆ.

ನಿಮಗೆ ನಿಜವಾಗಿ ಉಪಯೋಗಕ್ಕೆ ಬರುವುದು ಬಿಲ್ ಎಂಟ್ರಿ. ಬಿಲ್ಲಿನ ಫೋಟೊ ಕೊಟ್ಟರೆ ಚಾಟ್‌ಜಿಪಿಟಿ, ಜೆಮಿನಿಯಂಥ ಎಐ ಆ್ಯಪ್‌ಗಳು ಅದನ್ನು ಓದಿ ಕೋಷ್ಟಕ ಮಾಡಿಕೊಡುತ್ತವೆ. ಅಚ್ಚಾದ ಬಿಲ್ಲನ್ನು ಚೆನ್ನಾಗಿ ಓದುತ್ತವೆ. ಕಾರ್ಬನ್ ಪ್ರತಿ, ಕೈಬರಹ ಬಂದರೆ ಎಡವುತ್ತವೆ: 1 ಹೋಗಿ 7 ಆಗುತ್ತದೆ, ದಶಮಾಂಶದ ಚುಕ್ಕಿ ಮಾಯವಾಗಿ 40.500 ಕ್ವಿಂಟಲ್ 40500 ಆಗುತ್ತದೆ. ಇನ್ನೂ ಕೆಟ್ಟದ್ದೆಂದರೆ, ಕಾಣದ ಅಂಕಿಯನ್ನು ಅಂದಾಜಿನಿಂದ ತುಂಬಿ ಸುಮ್ಮನಾಗಿಬಿಡುತ್ತವೆ. ಆದ್ದರಿಂದ ತಾರೀಖು, ಬಿಲ್ ನಂಬರ್, ಜಿಎಸ್‌ಟಿ ನಂಬರ್, ತೂಕ, ದರ, ಮೊತ್ತ ಎಂದು ಕಾಲಂ ಹೆಸರಿಸಿ, ‘ಓದಲು ಬಾರದ ಕಡೆ ಖಾಲಿ ಬಿಡು, ಊಹಿಸಬೇಡ’ ಎಂದು ಬರೆದೇ ಕೊಡಿ. ಹಾಗೆ ಬರೆದರೂ ಊಹೆ ಪೂರ್ತಿ ನಿಲ್ಲುವುದಿಲ್ಲ, ಕಡಿಮೆಯಾಗುತ್ತದೆ. ಗುಣಾಕಾರ, ಕೂಡಿಕೆ ಅದಕ್ಕೆ ಬಿಡಬೇಡಿ. ಎಕ್ಸೆಲ್‌ನಲ್ಲಿ ತೂಕ × ದರ ಸೂತ್ರ ಹಾಕಿ, ಬಿಲ್ಲಿನಲ್ಲಿ ಅಚ್ಚಾದ ಮೊತ್ತಕ್ಕೆ ತಾಳೆಯಾಗದ ಸಾಲುಗಳನ್ನು ಮುನೀಮರ ಮುಂದಿಡಿ. ಜಿಎಸ್‌ಟಿ ನಂಬರಿನಲ್ಲಿ ಅಂಕಿ, ಅಕ್ಷರ ಸೇರಿ 15 ಇರಲೇಬೇಕು. ಕರ್ನಾಟಕದ್ದಾದರೆ 29, ಮಹಾರಾಷ್ಟ್ರದ್ದಾದರೆ 27, ತೆಲಂಗಾಣದ್ದಾದರೆ 36ರಿಂದ ಶುರು. ಮಹಾರಾಷ್ಟ್ರದ ಸೊಲ್ಲಾಪುರದಿಂದ ತರಿಸಿದ ಪ್ಯಾಕಿಂಗ್ ಸಾಮಾನಿನ ಬಿಲ್ಲಿಗೆ, ರಾಜ್ಯದೊಳಗಿನ ಖರೀದಿಗೆ ಬರುವ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅಂತ ಕಾಲಂ ತುಂಬಿದ್ದರೆ ಅಲ್ಲೇ ತಪ್ಪು ಸಿಕ್ಕಿತು, ಹೊರರಾಜ್ಯದ್ದಕ್ಕೆ ಐಜಿಎಸ್‌ಟಿ. ಇಷ್ಟಾದರೂ ತಾರೀಖು, ಬಿಲ್ ನಂಬರಿನ ತಪ್ಪು ಹೀಗೆ ಸಿಗುವುದಿಲ್ಲ. ತೆರಿಗೆ ಇರುವ ಬಿಲ್ಲುಗಳನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಸಿಗುವ ಖರೀದಿ ಬಿಲ್ಲುಗಳ ಪಟ್ಟಿ, ಅಂದರೆ ಜಿಎಸ್‌ಟಿಆರ್-2ಬಿ ಜೊತೆ ಹೋಲಿಸಬೇಕು, ಉಳಿದವನ್ನು ಕಣ್ಣಿನಿಂದಲೇ ನೋಡಬೇಕು.

ತೆರಿಗೆಯ ಪ್ರಶ್ನೆಯನ್ನು ಮಾತ್ರ ಎಐಗೆ ಕೇಳಲು ಹೋಗಬೇಡಿ. ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕೆ.ಜಿ.ವರೆಗಿನ ಬೇಳೆಗೆ 2022ರ ಜುಲೈ 18ರಿಂದ ಶೇ 5 ತೆರಿಗೆ ಬಂತು, 30 ಕೆ.ಜಿ. ಚೀಲಕ್ಕೆ, ಸಡಿಲವಾಗಿ ತೂಗಿ ಕೊಡುವುದಕ್ಕೆ ಇಲ್ಲ. ಅದಕ್ಕೂ ಹಿಂದಿನ ನಿಯಮ ಬ್ರ್ಯಾಂಡ್ ನೋಂದಣಿಯ ಮೇಲೆ ನಿಂತಿತ್ತು. ಎಐ ಎರಡೂ ಕಾಲದ ಬರಹ ಓದಿಕೊಂಡಿದೆ. ಯಾವುದನ್ನು ಎತ್ತಿ ಹೇಳುತ್ತದೋ ಹೇಳಲಾಗದು, ಹೇಳುವ ಗತ್ತು ಮಾತ್ರ ಎರಡಕ್ಕೂ ಒಂದೇ.

ಗಿರಾಕಿಗಳಿಗೆ ತಾನೇ ಉತ್ತರ ಕೊಡುವ ಬಾಟ್ ನಿಮ್ಮಂಥ ವ್ಯಾಪಾರಕ್ಕೆ ಸದ್ಯ ಬೇಡ. ಗಂಜಿನಲ್ಲಿ ಬೆಳಗಿನ ದರ ಸಂಜೆಗೆ ಇರುವುದಿಲ್ಲ. ಬಾಟ್ ನಿನ್ನೆಯ ದರ ಹೇಳಿ, ಗಿರಾಕಿ ‘ಹತ್ತು ಚೀಲ ಹಾಕಿ’ ಅಂದರೆ ನೀವು ಮಾತಿಗೆ ಸಿಕ್ಕಿಬಿದ್ದಿರಿ. ಕೆನಡಾದಲ್ಲಿ ಇಂಥದ್ದೇ ವ್ಯಾಜ್ಯ ನಡೆದಿದೆ. ಏರ್ ಕೆನಡಾ ವಿಮಾನ ಕಂಪನಿಯ ಬಾಟ್ ಪ್ರಯಾಣಿಕರೊಬ್ಬರಿಗೆ ಟಿಕೆಟ್ ರಿಯಾಯಿತಿಯ ಬಗ್ಗೆ ತಪ್ಪು ಮಾಹಿತಿ ಕೊಟ್ಟಿತ್ತು. ಅದರ ಹೊಣೆ ತನ್ನದಲ್ಲ ಎಂಬ ಕಂಪನಿಯ ವಾದವನ್ನು ಅಲ್ಲಿನ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನ್ಯಾಯಮಂಡಳಿ 2024ರ ಫೆಬ್ರುವರಿಯಲ್ಲಿ ತಳ್ಳಿಹಾಕಿ ಪರಿಹಾರ ಕೊಡಿಸಿತು. ಅಲ್ಲಿನ ತೀರ್ಪು ಇಲ್ಲಿ ಕಾನೂನಲ್ಲ, ನಿಜ. ಆದರೆ ಗಂಜಿನಲ್ಲಿ ಮಾತು ಹೋದರೆ ತೀರ್ಪಿಗೆ ಯಾರು ಕಾಯುತ್ತಾರೆ?

ಭಾಷೆಯದು ಇನ್ನೊಂದು ತೊಡಕು. ‘ಸಾವಕಾರ್ರೆ, ಫಟಕಾ ಎರಡ ಕಟ್ಟಾ ಕಳಸರಿ, ರೊಕ್ಕ ಅಮಾಸಿಗೆ’ ಎಂಬ ವಾಯ್ಸ್ ಮೆಸೇಜಿನಲ್ಲಿ ಬೇಳೆಯ ದರ್ಜೆ, ಚೀಲದ ಲೆಕ್ಕ, ಉದ್ರಿ ಮೂರೂ ಇವೆ. ಆ ಗಿರಾಕಿಯ ಕಟ್ಟಾ 30 ಕೆ.ಜಿ.ಯದೋ 50ರದೋ ಮುನೀಮರಿಗೆ ಗೊತ್ತು. ಕನ್ನಡ, ದಖನಿ, ಮರಾಠಿ ಬೆರೆತ ದನಿಯನ್ನು ಬಾಟ್ ಹೇಗೆ ಬರೆದುಕೊಳ್ಳುತ್ತದೆ ಎಂದು ನಿಮ್ಮ ಹಳೆಯ ಹತ್ತು ಮೆಸೇಜಿನ ಮಾತುಗಳನ್ನು ಮಗನ ಬಾಯಲ್ಲಿ ಹೇಳಿಸಿ ಪರೀಕ್ಷಿಸಿ. ಮುಂದೆ ಯಾವಾಗಾದರೂ ಬಾಟ್ ಹಾಕಿದರೆ ದರ, ಉದ್ರಿ, ವಾಪಸಾತಿಯ ಮಾತು ಬಂದ ಕೂಡಲೇ ಮನುಷ್ಯನಿಗೆ ದಾಟಿಸುವಂತೆ ಕಟ್ಟಿಸಿ.

ಜಾಹೀರಾತಿನ ಬರಹ ಮಾಡಿಸಿಕೊಳ್ಳಿ, ಅಡ್ಡಿಯಿಲ್ಲ. ಕನ್ನಡ, ಹಿಂದಿ, ಮರಾಠಿ ಮೂರರಲ್ಲೂ ಕರಡು ಬೇಗ ಸಿಗುತ್ತದೆ. ಆದರೆ ಕೇಳದೆಯೇ ‘ಸಾವಯವ’, ‘ಸಕ್ಕರೆ ಕಾಯಿಲೆಗೆ ರಾಮಬಾಣ’ ಎಂದೆಲ್ಲ ಸೇರಿಸುವ ಚಾಳಿ ಅದಕ್ಕಿದೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಸಿಕ್ಕಿದೆ ಎಂದು ಓದಿಕೊಂಡು ನಿಮ್ಮ ಪ್ಯಾಕೆಟ್ ಮೇಲೂ ಜಿಐ ಎಂದು ಬರೆದುಬಿಟ್ಟೀತು. ಅಧಿಕೃತ ಬಳಕೆದಾರರಾಗಿ ನೋಂದಾಯಿಸದೆ ಆ ಗುರುತು ಹಾಕುವಂತಿಲ್ಲ.

ಉದ್ರಿ ಖಾತೆಯ ಫೋಟೊ ಮಾತ್ರ ಯಾವ ಆ್ಯಪಿಗೂ ಹಾಕಬೇಡಿ. ಯಾರ ಮೇಲೆ ಎಷ್ಟು ಬಾಕಿ ಎಂಬುದು ನಿಮ್ಮಿಬ್ಬರ ಗುಟ್ಟು. ಲೆಕ್ಕ ವಿಂಗಡಿಸಲೇಬೇಕಾದರೆ ಹೆಸರು, ಫೋನ್ ತೆಗೆದು ಗ್ರಾ-1, ಗ್ರಾ-2 ಎಂದು ಗುರುತು ಕೊಡಿ. ಚಾಟ್‌ಜಿಪಿಟಿ ಸೆಟ್ಟಿಂಗ್ಸ್‌ನ ಡೇಟಾ ಕಂಟ್ರೋಲ್ಸ್‌ನಲ್ಲಿ, ನಿಮ್ಮ ಮಾತುಕತೆಯನ್ನು ಎಐಯ ತರಬೇತಿಗೆ ಬಳಸುವ ಆಯ್ಕೆಯನ್ನು ಆಫ್ ಮಾಡಿಡಿ.

ಮುನೀಮರನ್ನು ಬಿಡಿಸಿದರೆ ಎಐ ತಪ್ಪಿದ್ದು ಯಾರಿಗೆ ತಿಳಿಯುತ್ತದೆ? ಬರೆಯುವ ಕೆಲಸ ಕಡಿಮೆ ಮಾಡಿ, ತಾಳೆ ನೋಡುವುದು, ವಸೂಲಿಗೆ ಫೋನ್ ಮಾಡುವುದು ಅವರಿಗೆ ಕೊಡಿ.

ಕಳೆದ ತಿಂಗಳ ಇಪ್ಪತ್ತು ಬಿಲ್ ತೆಗೆದುಕೊಳ್ಳಿ. ಮುನೀಮರು ಕೈಯಿಂದ ಬರೆಯಲು ಎಷ್ಟು ನಿಮಿಷ, ಮಗ ಎಐನಿಂದ ಮಾಡಿಸಿ ತಿದ್ದಲು ಎಷ್ಟು ನಿಮಿಷ, ಗಡಿಯಾರ ಇಟ್ಟು ನೋಡಿ. ತಿದ್ದುವ ವೇಳೆ ಬಿಟ್ಟು ಲೆಕ್ಕ ಹಾಕುವುದೇ ಮಾರುವವರ ಜಾಣತನ. ಪುಕ್ಕಟೆ ಆವೃತ್ತಿಯಲ್ಲೇ ಇದು ಸಾಧ್ಯ.

ಆಮೇಲೂ ಪ್ಯಾಕೇಜ್ ಬೇಕೆನಿಸಿದರೆ ವರ್ಷದ ಬದಲು ತಿಂಗಳ ಲೆಕ್ಕದಲ್ಲಿ ಕೇಳಿ. ಗಿರಾಕಿ ಬರೆದ 24 ಗಂಟೆಯೊಳಗಿನ ಉತ್ತರ ಬಿಟ್ಟು, ಇಂಥ ಪ್ಯಾಕೇಜಿನ ಮೂಲಕ ನೀವಾಗಿ ಕಳಿಸುವ ಪ್ರಚಾರದ ಮೆಸೇಜಿಗೆ ವಾಟ್ಸಾಪ್ ಬೇರೆ ಶುಲ್ಕ ಹಾಕುತ್ತದೆ. ಅದು 36 ಸಾವಿರದೊಳಗೋ ಹೊರಗೋ ಎಂದು ಬರಹದಲ್ಲಿ ಪಡೆಯಿರಿ. ನೀವು ಬಿಟ್ಟ ದಿನ ಅಂಗಡಿಯ ವಾಟ್ಸಾಪ್ ನಂಬರು ಮತ್ತು ಗಿರಾಕಿಗಳ ಪಟ್ಟಿ ನಿಮ್ಮ ಕೈಗೆ ಹೇಗೆ ವಾಪಸ್ ಬರುತ್ತದೆ ಎಂಬುದನ್ನೂ ಅದರಲ್ಲೇ ಬರೆಸಿಕೊಳ್ಳಿ.