ಆ 11 ಖಾಲಿ ಪುಟಗಳು

ಧಾರವಾಡದಲ್ಲಿ ಆಪ್ತಸಲಹೆ ಮಾಡುವ ನನಗೆ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ. ‘ಕರೆಂಟ್ ಅಫೇರ್ಸ್ ಬಾಕಿ ಉಳಿದಿದೆ ಮೇಡಂ.’ ಪರೀಕ್ಷೆಗೆ ಓದಬೇಕಾದ ಪ್ರಚಲಿತ ಸುದ್ದಿ ಅದು. ಮೂರು ದಿನದ್ದು, ಎರಡು ವಾರದ್ದು, ನಾಲ್ಕು ತಿಂಗಳದ್ದು. ಕೆಎಎಸ್, ಪಿಡಿಒ, ಪಿಎಸ್‌ಐ, ಎಫ್‌ಡಿಎ ಎಂದು ಸರ್ಕಾರಿ ಕೆಲಸದ ಪರೀಕ್ಷೆಗಳಿಗೆ ರೂಮ್ ಮಾಡಿಕೊಂಡು ಓದುವ ಹುಡುಗ ಹುಡುಗಿಯರು ನಿದ್ದೆ ಬರಲ್ಲ, ಓದಿದ್ದು ತಲೆಯಲ್ಲಿ ನಿಲ್ಲಲ್ಲ ಎಂದು ಬರುತ್ತಾರೆ. ಸ್ವಲ್ಪ ಹೊತ್ತು ಮಾತಾಡಿದರೆ ಸಾಕು, ಈ ಬಾಕಿ ಹೊರಗೆ ಬರುತ್ತದೆ. ಇಂಥವರು ಜಾಸ್ತಿ ಆಗುತ್ತಿರುವುದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ಹಾಗೆ ಬಂದ ಒಬ್ಬ ಹುಡುಗಿಯ ಕಥೆ ಇದು. ಬರೆಯಲು ಅವಳ ಒಪ್ಪಿಗೆ ಇದೆ. ಹೆಸರು ಹೇಳುವುದಿಲ್ಲ. ಮನೆಯ ಕೆಲವು ವಿವರ ಬದಲಿಸಿದ್ದೇನೆ. ಒಂದು ಕೆರೆಯ ಹೆಸರನ್ನು ಮಾತ್ರ ಹಾಗೇ ಉಳಿಸಿದ್ದೇನೆ. ಅದು ಇರಲಿ ಎಂದು ಅವಳೇ ಹೇಳಿದಳು.

ವಯಸ್ಸು 27. ಎಂಎ ಮುಗಿದಿದೆ. ಗದಗ ಜಿಲ್ಲೆಯ ಹಳ್ಳಿಯವಳು. ಸಪ್ತಾಪುರದ ಕಡೆ ಮೂವರು ಸೇರಿ ಒಂದು ರೂಮಿನಲ್ಲಿದ್ದರು. ಅದು ಮೂರನೇ ವರ್ಷ. ಅಣ್ಣ ತಿಂಗಳು ತಿಂಗಳು ದುಡ್ಡು ಕಳಿಸುತ್ತಿದ್ದ. 2024ರ ಮಾರ್ಚಿನಲ್ಲಿ ರೂಮಿನ ಗೆಳತಿಯೇ ಅವಳನ್ನು ನನ್ನ ಹತ್ತಿರ ಕರೆದುಕೊಂಡು ಬಂದಳು.

ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರ. ಕಣ್ಣು ಬಿಟ್ಟ ಕೂಡಲೇ ಫೋನು. ಎರಡು ಪತ್ರಿಕೆ, ನಾಲ್ಕು ಯೂಟ್ಯೂಬ್ ಚಾನೆಲ್, ಟೆಲಿಗ್ರಾಂನಲ್ಲಿ ಬರುವ ಪಿಡಿಎಫ್‌ಗಳು, ತಿಂಗಳಿಗೊಂದು ಮಾಸಪತ್ರಿಕೆ. ಒಂದೇ ಸುದ್ದಿಯನ್ನು ಐದಾರು ಕಡೆ ಓದಿ, ಎಲ್ಲೋ ಒಂದು ಸಾಲು ಹೊಸದಾಗಿ ಸಿಕ್ಕರೆ ಮತ್ತೆ ಬರೆಯುತ್ತಿದ್ದಳು. ಸಂವಿಧಾನ, ಇತಿಹಾಸ, ಭೂಗೋಳದ ಪುಸ್ತಕ ಮುಟ್ಟಿ ತಿಂಗಳುಗಳಾಗಿದ್ದವು. ಖಾನಾವಳಿಯಿಂದ ಬಂದ ಡಬ್ಬಿ ಎಷ್ಟೋ ಸಲ ತೆರೆಯದೇ ಉಳಿಯುತ್ತಿತ್ತು ಎಂದು ಗೆಳತಿ ಹೇಳಿದಳು.

ಮೊದಲ ಎರಡು ಭೇಟಿಯಲ್ಲಿ ನಿದ್ದೆ, ಊಟದ ಬಗ್ಗೆಯೇ ಮಾತಾಡಿದೆವು. ಸಾಯಬೇಕು ಅಂತ ಅನಿಸುತ್ತಾ ಎಂದೂ ನೇರವಾಗಿ ಕೇಳಿದೆ. ಇಂಥವರನ್ನು ಕೇಳಲೇಬೇಕು, ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಹೆದರಿಕೆ ಬೇಡ. ‘ಇಲ್ರಿ ಮೇಡಂ, ಹಂಗೇನಿಲ್ಲ’ ಎಂದಳು. ಆದರೂ 14416 ನಂಬರನ್ನು ಅವಳ ಫೋನಿನಲ್ಲಿ ಉಳಿಸಿಕೊಟ್ಟೆ. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮೂರನೇ ಭೇಟಿಗೆ ಬರುವಾಗ ಕರೆಂಟ್ ಅಫೇರ್ಸ್ ನೋಟ್‌ಬುಕ್ ತೆಗೆದುಕೊಂಡು ಬಾ ಎಂದಿದ್ದೆ. ದಪ್ಪ ರಟ್ಟಿನ ದೊಡ್ಡ ಪುಸ್ತಕ. ಪ್ರತಿ ಪುಟದ ತಲೆಯಲ್ಲಿ ಕೆಂಪು ಪೆನ್ನಿನಲ್ಲಿ ತಾರೀಕು, ಕೆಳಗೆ ಒಂದರ ಕೆಳಗೊಂದು ಒನ್‌ಲೈನರ್. ಅಕ್ಷರ ಅಚ್ಚುಕಟ್ಟು. ಮಗುಚುತ್ತಾ ಹೋದೆ. 2023ರ ಡಿಸೆಂಬರ್ 9ಕ್ಕೆ ಬಂದಾಗ ಪುಟ ಖಾಲಿ. ತಾರೀಕು ಮಾತ್ರ ಇದೆ. 10, 11, 12, ಹೀಗೇ 19ರವರೆಗೆ. 11 ಪುಟ.

‘ಇದೇನು?’ ಎಂದೆ.

‘ಅದ ರೀ ಬಾಕಿ. ಊರಿಗೆ ಹೋಗಿದ್ದೆ. ಆಯಿ ತೀರಕೊಂಡ್ಲು.’ ಆಯಿ ಅಂದರೆ ಅಜ್ಜಿ. ಹೇಳಿ, ಒಂದು ಉಸಿರೂ ಬಿಡದೆ ಮುಂದುವರಿಸಿದಳು. ‘ಆ ದಿನದಾಗನ ರೀ 370ನೇ ವಿಧಿ ತೀರ್ಪು ಬಂದಿದ್ದು. 11ಕ್ಕ. ಎಷ್ಟ ಸಲ ಬರಿಯಾಕ ಕುಂತೀನಿ, ಆಗವಲ್ದು. ಅದು ಮುಗಿಸೂದ್ರಾಗ ಇವತ್ತಿಂದು ಬಾಕಿ ಆಗ್ತೈತಿ.’

ನಾನು ತಕ್ಷಣ ಏನೂ ಹೇಳಲಿಲ್ಲ. ಏನು ಹೇಳಬೇಕು ಎಂದು ಗೊತ್ತೂ ಆಗಲಿಲ್ಲ. ಸುಮ್ನೆ ಇನ್ನಷ್ಟು ಪುಟ ಮಗುಚಿದೆ. ಫೆಬ್ರುವರಿ 1ರ ಪುಟದಲ್ಲಿ ಹೊಸ ರಾಮ್ಸರ್ ತಾಣಗಳನ್ನು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳನ್ನು ಬರೆದಿದ್ದಳು. ಅಂಕಸಮುದ್ರ, ವಿಜಯನಗರ. ಅಘನಾಶಿನಿ ಅಳಿವೆ, ಉತ್ತರ ಕನ್ನಡ. ಮಾಗಡಿ ಕೆರೆ, ಗದಗ. ಒಟ್ಟು ತಾಣ 75ರಿಂದ 80. ಸಂಖ್ಯೆಗೆ ಎರಡು ಸಲ ಅಡಿಗೆರೆ ಎಳೆದಿದ್ದಳು.

‘ನಿನ್ನ ಊರು ಯಾವ ತಾಲ್ಲೂಕು?’

‘ಶಿರಹಟ್ಟಿ ರೀ.’

‘ಮಾಗಡಿ ಅಲ್ಲಿಂದ ದೂರನಾ?’

ಅವಳು ಪುಟವನ್ನೇ ನೋಡುತ್ತಾ ಕೂತಳು. ತುಂಬಾ ಹೊತ್ತು. ಆಮೇಲೆ ಆ ಸಾಲಿನ ಮೇಲೆ ಬೆರಳಿಟ್ಟಳು.

‘ಮೇಡಂ, ಇದು ನಮ್ಮ ಕೆರಿ ರೀ. ಬರಿಯೂ ಮುಂದ ನನಗ ನೆನಪ ಆಗಲಿಲ್ಲ.’

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಆಮೇಲೆ ಅವಳೇ ಮಾತಾಡಿದಳು. ಚಿಕ್ಕವಳಿದ್ದಾಗ ಆಯಿ ಅವಳನ್ನು ಕತ್ತಲು ಹರಿಯುವ ಮೊದಲೇ ಹೊಲಕ್ಕೆ ಕರೆದುಕೊಂಡು ಹೋಗುತ್ತಿದ್ದಳಂತೆ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ರಾತ್ರಿ ಹೊಲಗಳಲ್ಲಿ ಮೇಯ್ದು, ಬೆಳಕಾಗುವ ಹೊತ್ತಿಗೆ ಕೂಗುತ್ತಾ ಸಾಲು ಕಟ್ಟಿ ಕೆರೆಗೆ ಹಾರುತ್ತವೆ. ಬಿಳಿ ತಲೆ, ಹಿಂದೆ ಎರಡು ಕಪ್ಪು ಪಟ್ಟೆ. ಬೆಳೆ ತಿನ್ನುತ್ತವೆ ಎಂದು ಅಪ್ಪ ಓಡಿಸಲು ಹೋದರೆ ಆಯಿ ತಡೆಯುತ್ತಿದ್ದಳು. ‘ಭಾಳ ದೂರದಿಂದ ಬಂದಾವು, ಉಣ್ಣಲಿ ಬಿಡು ಅಂತಿದ್ಲು ರೀ.’ ಅಷ್ಟು ಹೇಳಿ ಅತ್ತಳು. ಆಯಿ ಹೋದ ಮೇಲೆ ಅವಳು ಅತ್ತಿದ್ದು ಅದೇ ಮೊದಲು. ಮಣ್ಣು ಮಾಡಿ ಬಂದ ರಾತ್ರಿಯೂ ಅವಳ ತಲೆಯಲ್ಲಿ ಓಡುತ್ತಿದ್ದದ್ದು ತಪ್ಪಿಹೋದ ಸುದ್ದಿಗಳಂತೆ.

ಅಳು ನಿಂತ ಮೇಲೆ ನೋಟ್‌ಬುಕ್ ಮುಚ್ಚಿಟ್ಟು ಕೇಳಿದೆ. ಆ ಬಾತುಗಳು ಎಲ್ಲಿಂದ ಬರುತ್ತವೆ? ಮಂಗೋಲಿಯಾ, ಟಿಬೆಟ್ ಕಡೆಯಿಂದ, ಹಿಮಾಲಯ ದಾಟಿ ಎಂದಳು. ರಾಮ್ಸರ್ ಅಂದರೇನು? ಇರಾನಿನ ಊರು, 1971ರಲ್ಲಿ ಜೌಗುಭೂಮಿ ಕಾಪಾಡಲು ಅಲ್ಲಿ ಒಪ್ಪಂದ ಆಯ್ತು, ಭಾರತ 1982ರಲ್ಲಿ ಸೇರಿತು ಎಂದಳು. ಕರ್ನಾಟಕದ ಮೊದಲ ತಾಣ ರಂಗನತಿಟ್ಟು, 2022. ಅಘನಾಶಿನಿಗೆ ಅಣೆಕಟ್ಟು ಇಲ್ಲ, ಹಾಗಾಗಿ ಅಳಿವೆ ಇನ್ನೂ ಜೀವಂತವಾಗಿದೆ. ಒಂದಕ್ಕೊಂದು ಜೋಡಿಸಿಕೊಂಡು ಇಪ್ಪತ್ತು ನಿಮಿಷ ಹೇಳಿದಳು. ಎಲ್ಲೂ ತಡವರಿಸಲಿಲ್ಲ. ಬೆಳಿಗ್ಗೆ ಓದಿದ್ದು ಸಂಜೆಗೆ ಇರಲ್ಲ ಎಂದು ಬಂದಿದ್ದ ಹುಡುಗಿ ಇವಳೇ.

ಅವತ್ತು ನಾನು ಕೊಟ್ಟ ಮೊದಲ ಸಲಹೆ: ಆ 11 ಪುಟ ತುಂಬಿಸಬೇಡ. ಹಾಗೇ ಬಿಡು. ಆ ದಿನ ನೀನು ಆಯಿಯ ಮನೆಯಲ್ಲಿ ಇರಬೇಕಿತ್ತು, ಇದ್ದೆ.

‘370 ಕೇಳಿದ್ರ?’ ಎಂದಳು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ನನ್ನ ಉತ್ತರ ಇಷ್ಟು. ದೊಡ್ಡ ಸುದ್ದಿ ಒಂದು ದಿನ ಬಂದು ಮಾಯ ಆಗುವುದಿಲ್ಲ. ಜಮ್ಮು ಮತ್ತು ಕಾಶ್ಮೀರದ ವಿಶೇಷ ಸ್ಥಾನಮಾನ ತೆಗೆದ 2019ರ ಆಗಸ್ಟ್‌ನ ತೀರ್ಮಾನವನ್ನು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಎತ್ತಿಹಿಡಿಯಿತು. 370 ತಾತ್ಕಾಲಿಕ ವಿಧಿ ಎಂದಿತು. 2024ರ ಸೆಪ್ಟೆಂಬರ್ 30ರೊಳಗೆ ಜಮ್ಮು ಮತ್ತು ಕಾಶ್ಮೀರದಲ್ಲಿ ಚುನಾವಣೆ ನಡೆಸಿ ಎಂದು ಹೇಳಿತು. ಅಂದಮೇಲೆ ಆ ಚುನಾವಣೆ ಬಂದಾಗ ತೀರ್ಪೂ ಮತ್ತೆ ಸುದ್ದಿಗೆ ಬರಲೇಬೇಕು ಅಲ್ವಾ? ಸಂವಿಧಾನದ ಪುಸ್ತಕ ತೆಗೆದು ಆ ಅಧ್ಯಾಯದ ಜೊತೆ ಒಂದು ಗಂಟೆ ಓದಿದರೆ ಆಯಿತು. ಹಾಗೇ ಆಯಿತು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಚುನಾವಣೆ ನಡೆದಾಗ ಎಲ್ಲ ಕಡೆ ಅದನ್ನು ಮತ್ತೆ ಬರೆದರು.

ಮುಂದಿನ ವಾರ ದಿನಚರಿ ಬದಲಿಸಿದೆವು. ದಿನಕ್ಕೆ ಒಂದೇ ಪತ್ರಿಕೆ, ಒಂದು ಗಂಟೆ. ತಿಂಗಳಿಗೆ ಒಂದೇ ಮಾಸಪತ್ರಿಕೆ. ಚಾನೆಲ್‌ಗಳೂ ಟೆಲಿಗ್ರಾಂ ಗುಂಪುಗಳೂ ಬೇಡ. ರಾತ್ರಿ ಒಂಬತ್ತೂವರೆಗೆ ಫೋನ್ ಆಫ್ ಮಾಡಿ ಗೆಳತಿಯ ಕೈಗೆ. ತಾರೀಕಿನ ಪ್ರಕಾರ ಬರೆಯುವುದನ್ನೂ ನಿಲ್ಲಿಸಲು ಹೇಳಿದೆ. ತಾರೀಕು ಹಾಕಿದ ಕೂಡಲೇ ತಪ್ಪಿದ ದಿನ ಸಾಲವಾಗಿ ಕಾಣುತ್ತದೆ. ವಿಷಯದ ಪ್ರಕಾರ ಬರೆದರೆ ಸುದ್ದಿಗೆ ಕೂರಲು ಜಾಗ ಸಿಗುತ್ತದೆ.

ಒಂದು ಉದಾಹರಣೆ ನೋಡಿ. ಅವಳ ಪುಸ್ತಕದಲ್ಲಿ ಒಂದು ಕಡೆ ‘ಮಹಿಳಾ ಮೀಸಲಾತಿ 128’ ಎಂದಿತ್ತು, ಇನ್ನೊಂದು ಕಡೆ ‘ಮಹಿಳಾ ಮೀಸಲಾತಿ 106’. ಪ್ರತಿ ಟೆಸ್ಟ್‌ನಲ್ಲೂ ಗೊಂದಲ. ಒಂದು ಮಸೂದೆಯ ಸಂಖ್ಯೆ, ಇನ್ನೊಂದು ತಿದ್ದುಪಡಿ ಕಾಯ್ದೆಯ ಸಂಖ್ಯೆ. 2023ರ ಸೆಪ್ಟೆಂಬರ್‌ನಲ್ಲಿ ಸಂಸತ್ತು ಒಪ್ಪಿದ 128ನೇ ತಿದ್ದುಪಡಿ ಮಸೂದೆಯೇ 106ನೇ ತಿದ್ದುಪಡಿ ಆಯಿತು. ಜಿಎಸ್‌ಟಿಯಲ್ಲೂ ಹೀಗೇ, 122ನೇ ಮಸೂದೆ 101ನೇ ತಿದ್ದುಪಡಿ ಆಯಿತು. ಇದನ್ನು ಸಂವಿಧಾನ ತಿದ್ದುಪಡಿಯ ಅಧ್ಯಾಯದ ಪಕ್ಕದಲ್ಲೇ ಬರೆ, ಪಂಚಾಯತ್ ಮೀಸಲಾತಿಯ 243ಡಿ ವಿಧಿಯನ್ನೂ ಅಲ್ಲೇ ನೋಡು, ಕರ್ನಾಟಕದ ಪಂಚಾಯತ್‌ಗಳಲ್ಲಿ ಮಹಿಳೆಯರಿಗೆ ಅರ್ಧ ಪಾಲು ಇರುವುದನ್ನೂ ಸೇರಿಸು ಎಂದೆ. ಒಂದು ವಾರ ಬಿಟ್ಟು ಕೇಳಿದಾಗ ನೋಡದೆ ಹೇಳಿದಳು.

ಈ ಸಲಹೆಗೆ ಬೈಸಿಕೊಂಡೂ ಇದ್ದೇನೆ. ಅವಳ ಅಣ್ಣ ಫೋನ್ ಮಾಡಿದ. ಅವಳ ಒಪ್ಪಿಗೆ ಕೇಳಿ ಮಾತಾಡಿದೆ. ‘ಓದೂದು ಬಿಡಿಸಿರಂತಲ್ಲ ಮೇಡಂ? ನೀವೇನು ಕೋಚಿಂಗ್‌ನೋರಾ?’ ಎಂದ. ಅವನ ಸಿಟ್ಟು ಅರ್ಥವಾಗುತ್ತದೆ. ದುಡ್ಡು ಕಳಿಸುವವನು ಅವನು. ನಾನು ಕೋಚಿಂಗ್‌ನವಳಲ್ಲ, ನಿಜ. ಕರೆಂಟ್ ಅಫೇರ್ಸ್ ಬಿಟ್ಟರೆ ಕೆಎಎಸ್ ಪ್ರಿಲಿಮ್ಸ್ ಆಗುವುದಿಲ್ಲ ಎಂಬುದೂ ಗೊತ್ತು. ಆದರೆ ಅದೇ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಕಾಲು ಭಾಗ ಕಳೆಯುತ್ತಾರೆ. ಅರ್ಧ ನೆನಪಿರುವ ಹತ್ತು ಸುದ್ದಿಗಿಂತ ಪೂರ್ತಿ ಗೊತ್ತಿರುವ ಎರಡು ಸುದ್ದಿ ಅಲ್ಲಿ ಜಾಸ್ತಿ ಕೈ ಹಿಡಿಯುತ್ತವೆ. ಸುಮ್ನೆ ಊಹೆಯಲ್ಲಿ ಹೇಳಬಾರದು ಎಂದು ಅವಳ ಜೊತೆ ಕೂತು ಹಳೇ ಪ್ರಶ್ನೆಪತ್ರಿಕೆಗಳಿಗೆ ಪೆನ್ಸಿಲ್ ಹಿಡಿದೆ. ಆ ದಿನದ ಸುದ್ದಿ ಓದದಿದ್ದರೆ ಉತ್ತರಿಸಲು ಆಗುವುದೇ ಇಲ್ಲ ಎನ್ನುವ ಪ್ರಶ್ನೆಗೆ ಮಾತ್ರ ಗುರುತು ಹಾಕು ಎಂದೆ. ಅವಳು ಅಂದುಕೊಂಡಿದ್ದಕ್ಕಿಂತ ತೀರಾ ಕಡಿಮೆ ಗುರುತು ಬಿದ್ದವು. ಮಿಕ್ಕವಕ್ಕೆಲ್ಲ ಪಠ್ಯಪುಸ್ತಕ ಬೇಕಿತ್ತು, ಸುದ್ದಿ ಅದಕ್ಕೆ ನೆಪ ಅಷ್ಟೇ. ರಾಮ್ಸರ್ ತಾಣಗಳ ಸಂಖ್ಯೆ ಆಮೇಲೆ 90 ದಾಟಿದೆ. ಅವಳು ಎರಡು ಸಲ ಅಡಿಗೆರೆ ಎಳೆದ 80 ಈಗ ಹಳೆಯದು. ಕೆರೆ, ಬಾತು, ಒಪ್ಪಂದ ಹಾಗೇ ಇವೆ.

ಮಕ್ಕಳನ್ನು ಹೀಗೆ ಕಳಿಸಿರುವ ಮನೆಯವರಿಗೆ ಒಂದು ವಿನಂತಿ. ಊರಲ್ಲಿ ಸಾವು, ಕಾಯಿಲೆ ಆದಾಗ ‘ನೀನು ಹೋಗು, ಓದು ಹಾಳಾಗುತ್ತೆ’ ಎಂದು ಬೇಗ ಹೊರಡಿಸಬೇಡಿ. ನಾಲ್ಕು ದಿನ ಇರಲಿ, ಅಳಲಿ. ಅಲ್ಲಿ ತಡೆದ ಅಳು ಇಲ್ಲಿ ರೂಮಿನಲ್ಲಿ ನಿದ್ದೆ ಕೆಡಿಸುತ್ತದೆ.

ಅವಳಿಗೆ ಇನ್ನೂ ಕೆಲಸ ಸಿಕ್ಕಿಲ್ಲ. ಓದುತ್ತಿದ್ದಾಳೆ. ಡಬ್ಬಿ ಬಿಸಿ ಇರುವಾಗಲೇ ಊಟ ಮಾಡುತ್ತಾಳೆ. ಆರು ತಿಂಗಳ ಮೇಲೆ ಅಣ್ಣ ಇನ್ನೊಂದು ಸಲ ಫೋನ್ ಮಾಡಿದ್ದ. ಈ ಸಲ ಗಾಬರಿಯಲ್ಲಿದ್ದ. ರಾತ್ರಿ ಹತ್ತಕ್ಕೆ ಮಾಡಿದರೆ ತಂಗಿಯ ಫೋನ್ ಸ್ವಿಚ್ ಆಫ್ ಬರುತ್ತದೆ, ಏನಾಯ್ತೋ ಅಂತ.

‘ಮಲಗಿರ್ತಾಳೆ, ಬೆಳಿಗ್ಗೆ ಮಾಡಪ್ಪ’ ಎಂದೆ.