ತೊಟ್ಟಿ ತೊಳೆದ ಮೂರನೇ ದಿನ ಮೀನು ಸತ್ತವು, ಯಾಕೆ?

ಪ್ರಶ್ನೆ: ನಮ್ಮ ಮನೆಯ 60 ಲೀಟರಿನ ಅಕ್ವೇರಿಯಂನಲ್ಲಿ ಏಳು ಗೋಲ್ಡ್ ಫಿಶ್ ಇದ್ದವು. ಎಂಟು ತಿಂಗಳು ಏನೂ ತೊಂದರೆ ಇರಲಿಲ್ಲ. ಹೋದ ಭಾನುವಾರ ನೀರೆಲ್ಲ ಚೆಲ್ಲಿ, ಕಲ್ಲು, ಫಿಲ್ಟರಿನ ಸ್ಪಂಜು ಎಲ್ಲವನ್ನೂ ನಲ್ಲಿ ಕೆಳಗೆ ತಿಕ್ಕಿ ತೊಳೆದು ಹೊಸ ನೀರು ತುಂಬಿಸಿದೆ. ಬುಧವಾರ ಬೆಳಿಗ್ಗೆ ನೋಡಿದರೆ ನಾಲ್ಕು ಸತ್ತು ತೇಲುತ್ತಿದ್ದವು. ಉಳಿದ ಮೂರು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆ. ಮೈಮೇಲೆ ಗಾಯ, ಬಿಳಿ ಚುಕ್ಕೆ ಏನೂ ಇಲ್ಲ. ನೀರು ತಿಳಿಯಾಗಿದೆ. ಯಾವ ಔಷಧಿ ಹಾಕಲಿ?

ಉತ್ತರ: ಔಷಧಿ ಬೇಡ. ಮೊದಲು ನೀರು ಬದಲಾಯಿಸಿ ಬನ್ನಿ, ಕಾರಣ ಆಮೇಲೆ ಓದಿದರಾಯಿತು. ಸತ್ತವನ್ನು ತೆಗೆದುಹಾಕಿ, ತೊಟ್ಟಿಯ ಮೂರನೇ ಒಂದು ಭಾಗ ನೀರು ಹೊರಹಾಕಿ, ಕ್ಲೋರಿನ್ ತೆಗೆಯುವ ದ್ರಾವಣ ಬೆರೆಸಿದ, ತೊಟ್ಟಿಯ ನೀರಿನಷ್ಟೇ ಬೆಚ್ಚಗಿರುವ ನೀರನ್ನು ನಿಧಾನಕ್ಕೆ ತುಂಬಿಸಿ. ಏರ್ ಪಂಪ್ ಹಗಲು ರಾತ್ರಿ ಓಡಲಿ. ಎರಡು ದಿನ ತಿಂಡಿ ಹಾಕಬೇಡಿ. ಪಾಪ ಅನಿಸುತ್ತದೆ ನಿಜ, ಆದರೆ ಈಗ ಹಾಕುವ ಪ್ರತಿ ಕಾಳೂ ವಿಷವನ್ನೇ ಹೆಚ್ಚಿಸುತ್ತದೆ.

ಈಗ ಕಾರಣ. ನಿಮ್ಮ ಪತ್ರದಲ್ಲಿ ನನಗೆ ಸಿಕ್ಕ ಸುಳಿವು ಆ ಮೂರು ದಿನ. ಬರೀ ಕ್ಲೋರಿನ್ ಹೊಡೆತವಾಗಿದ್ದರೆ ಮೀನುಗಳು ಸಾಮಾನ್ಯವಾಗಿ ಅವತ್ತೇ ಅಥವಾ ಮಾರನೇ ದಿನಕ್ಕೆ ಒದ್ದಾಡುತ್ತಿದ್ದವು. ರೋಗ ಬಂದಿದ್ದರೆ ಮೈಮೇಲೆ ಏನಾದರೂ ಗುರುತು ಇರುತ್ತಿತ್ತು, ಒಂದೊಂದಾಗಿ ಹೋಗುತ್ತಿದ್ದವು ಅಲ್ವಾ? ಪೂರ್ತಿ ತೊಳೆದು ಎರಡು ಮೂರು ದಿನಕ್ಕೆ ಒಟ್ಟಿಗೆ ಸತ್ತಿವೆ ಅಂದರೆ ನನ್ನ ಅನುಮಾನ ಅಮೋನಿಯಾ ಮೇಲೆ. ಮೀನು ಕಿವಿರಿನಿಂದ ಅಮೋನಿಯಾವನ್ನು ಬಿಡುತ್ತಲೇ ಇರುತ್ತದೆ. ಅದನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟಾಗಿ ತೊಂದರೆ ಕೊಡದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನೀರಿನಲ್ಲಿ ಇರುವುದು ಕಡಿಮೆ, ಸ್ಪಂಜಿಗೂ ಕಲ್ಲಿಗೂ ಅಂಟಿದ ಆ ಜಾರುವ ಪದರದಲ್ಲೇ ಜಾಸ್ತಿ. ನೀವು ಕೊಳೆ ಅಂತ ತಿಕ್ಕಿ ತೆಗೆದಿದ್ದು ಅದನ್ನೇ. ಉಳಿದಿದ್ದನ್ನು ನಲ್ಲಿಯ ಕ್ಲೋರಿನ್ ಕೊಂದಿರುತ್ತದೆ. ಈಗ ಸುಮ್ನೆ ಮೆಥಿಲೀನ್ ಬ್ಲೂ ಅಥವಾ ಆ್ಯಂಟಿಬಯಾಟಿಕ್ ಸುರಿದರೆ ಅಳಿದುಳಿದ ಬ್ಯಾಕ್ಟೀರಿಯಾವೂ ಹೋಗುತ್ತದೆ, ಅದಕ್ಕೇ ಬೇಡ ಅಂದದ್ದು.

ಅಮೋನಿಯಾಕ್ಕೆ ಬಣ್ಣವಿಲ್ಲ. ನೀರು ತಿಳಿಯಾಗಿದೆ ಅನ್ನುವುದನ್ನು ನಂಬಬೇಡಿ, ಒಂದು ಟೆಸ್ಟ್ ಕಿಟ್ ತನ್ನಿ. ಅಮೋನಿಯಾ, ನೈಟ್ರೈಟ್ ಎರಡೂ 0 ಬರುವ ತನಕ ದಿನಾ ಪರೀಕ್ಷಿಸಿ, ಏರಿದರೆ ಕಾಲು ಭಾಗ ನೀರು ಬದಲಾಯಿಸಿ. ಇದಕ್ಕೆ 4ರಿಂದ 6 ವಾರ ಹಿಡಿಯಬಹುದು. ಪರಿಚಯದವರ ಹತ್ತಿರ ಆರೋಗ್ಯವಾಗಿರುವ ತೊಟ್ಟಿ ಇದ್ದರೆ ಅವರ ಹಳೇ ಸ್ಪಂಜಿನ ಒಂದು ತುಂಡು ಕೇಳಿ ತಂದು ನಿಮ್ಮ ಫಿಲ್ಟರಿಗೆ ಸೇರಿಸಿ, ಬೇಗ ಸರಿಹೋಗುತ್ತದೆ.

ಮುಂದೆ ಸ್ಪಂಜು ತೊಳೆಯುವಾಗ ತೊಟ್ಟಿಯಿಂದ ತೆಗೆದ ಹಳೇ ನೀರಿನಲ್ಲೇ ಎರಡು ಸಲ ಹಿಂಡಿ, ಸಾಕು. ಕಲ್ಲನ್ನು ಅವತ್ತೇ ಮುಟ್ಟಬೇಡಿ.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. 60 ಲೀಟರಿಗೆ ಏಳು ಗೋಲ್ಡ್ ಫಿಶ್ ತುಂಬಾ ಜಾಸ್ತಿ. ಅವು ಬೆಳೆದರೆ ಅಂಗೈ ಉದ್ದ ದಾಟುತ್ತವೆ, ಹೊಲಸೂ ಅಷ್ಟೇ ಮಾಡುತ್ತವೆ. ಉಳಿದ ಮೂರಕ್ಕೇ ಆ ತೊಟ್ಟಿ ಇಕ್ಕಟ್ಟು, ಸತ್ತವುಗಳ ಜಾಗಕ್ಕೆ ಹೊಸದು ತರಬೇಡಿ.