ಸೇವೆಯೆಂಬ ಹೆಸರು, ಕಡಿಮೆ ಸಂಬಳ: ಕೇಳಿದರೆ ತಪ್ಪೇ?

ಪ್ರಶ್ನೆ: ನಾನು ವೃದ್ಧಾಶ್ರಮವೊಂದರಲ್ಲಿ ಹಲವು ವರ್ಷಗಳಿಂದ ಆರೈಕೆ ಸಹಾಯಕಿಯಾಗಿ ದುಡಿಯುತ್ತಿದ್ದೇನೆ. ನಮ್ಮ ವಿಭಾಗದಲ್ಲಿ ಎಲ್ಲರೂ ಹೆಂಗಸರು. ವಾಹನ ಮತ್ತು ದುರಸ್ತಿ ವಿಭಾಗದಲ್ಲಿ ಎಲ್ಲರೂ ಗಂಡಸರು. ಆ ವಿಭಾಗದ ಸಹೋದ್ಯೋಗಿಯೊಬ್ಬರು ಸ್ನೇಹದಿಂದ ತಮ್ಮ ಸಂಬಳದ ಚೀಟಿ ತೋರಿಸಿದಾಗ, ನನ್ನಷ್ಟೇ ಓದಿ ನನಗಿಂತ ತಡವಾಗಿ ಸೇರಿದ ಅವರಿಗೆ ನನಗಿಂತ ಬಹಳ ಹೆಚ್ಚು ಬರುತ್ತಿದೆಯೆಂದು ತಿಳಿಯಿತು. ವ್ಯವಸ್ಥಾಪಕರಲ್ಲಿ ಮೆಲ್ಲಗೆ ವಿಚಾರಿಸಿದೆ. "ಅವರ ಕೆಲಸವೇ ಬೇರೆ. ನಿಮ್ಮದು ಸೇವೆ, ಹೆಂಗಸರಿಗೆ ಮನೆಯಲ್ಲಿ ಮಾಡಿ ಅಭ್ಯಾಸವಿರುತ್ತದಲ್ಲ" ಎಂದರು. ಪಟ್ಟು ಹಿಡಿದರೆ ಆ ಸಹೋದ್ಯೋಗಿಗೆ ತೊಂದರೆಯಾದೀತು, ನನ್ನನ್ನೇ ನಂಬಿರುವ ಹಿರಿಯರಿಗೆ ದ್ರೋಹ ಬಗೆದಂತಾದೀತು ಎಂಬ ಅಳುಕು. ಸುಮ್ಮನಿರಲೂ ಆಗುತ್ತಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ವ್ಯವಸ್ಥಾಪಕರು ಹೇಳಿದ ಮೊದಲ ಮಾತು ನಿಜ, ಎರಡನೆಯದು, ನಿಮ್ಮ ಸಂಬಳ ಏಕೆ ಕಡಿಮೆಯಿದೆ ಎಂಬುದನ್ನು ಅವರೇ ಬಾಯಿಬಿಟ್ಟು ಹೇಳಿದ ಕಾರಣ. ಒಂದೇ ಕೆಲಸಕ್ಕೆ ಗಂಡಸಿಗೊಂದು, ಹೆಂಗಸಿಗೊಂದು ಸಂಬಳ ಕೊಟ್ಟರೆ ಅನ್ಯಾಯ ಎದ್ದು ಕಾಣುತ್ತದೆ. ಆದರೆ ಹೆಂಗಸರೇ ತುಂಬಿರುವ ವಿಭಾಗದಲ್ಲಿ ಹೋಲಿಸಿ ನೋಡಲು ಪಕ್ಕದಲ್ಲಿ ಗಂಡಸೇ ಇರುವುದಿಲ್ಲವಾದ್ದರಿಂದ, ಇಡೀ ಕೆಲಸಕ್ಕೇ ಕಡಿಮೆ ಬೆಲೆ ಕಟ್ಟಿದ್ದರೂ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1951ರಲ್ಲಿ ಅಂಗೀಕರಿಸಿದ 100ನೇ ಒಡಂಬಡಿಕೆಯ ಪ್ರಕಾರ ಸಮಾನ ವೇತನಕ್ಕೆ ಕೆಲಸ ಒಂದೇ ಆಗಿರಬೇಕಿಲ್ಲ, ಅದರ ಮೌಲ್ಯ ಸಮಾನವಾಗಿದ್ದರೆ ಸಾಕು. ಆ ಮೌಲ್ಯವನ್ನು ಸಾಮಾನ್ಯವಾಗಿ ಕೌಶಲ, ಶ್ರಮ, ಹೊಣೆ ಮತ್ತು ಕೆಲಸದ ಪರಿಸ್ಥಿತಿ ಎಂಬ ನಾಲ್ಕು ಬಾಬುಗಳಲ್ಲಿ ಅಳೆಯುತ್ತಾರೆ.

ಇನ್ನು ಮನೆಯ ಅಭ್ಯಾಸದ ಮಾತು. ಸ್ವಂತ ಗಾಡಿ ಓಡಿಸುತ್ತ ಚಾಲನೆ ಕಲಿತ ಎಂಬ ಕಾರಣಕ್ಕೆ ಚಾಲಕನ ಸಂಬಳ ಕಡಿತ ಮಾಡಿದ್ದನ್ನು ನಾನಂತೂ ಕಂಡಿಲ್ಲ. ನಿಮ್ಮ ಕೆಲಸದ ವಿವರಣೆಯಲ್ಲಿ ಬಹುಶಃ 'ಹಿರಿಯರನ್ನು ನೋಡಿಕೊಳ್ಳುವುದು' ಎಂದಷ್ಟೇ ಇರುತ್ತದೆ. ಹಾಸಿಗೆ ಹಿಡಿದವರಿಗೆ ಬೆನ್ನುಹುಣ್ಣು ಆಗದಂತೆ ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುವುದು, ನುಂಗುವಾಗ ಕೆಮ್ಮು ಬಂದೊಡನೆ ಇದು ಶ್ವಾಸನಾಳಕ್ಕೆ ಹೋಗುವ ಅಪಾಯವೆಂದು ಗುರುತಿಸಿ ತುತ್ತು ನಿಲ್ಲಿಸುವುದು, ಮರೆವಿನ ಕಾಯಿಲೆಯವರು ಕೈಯೆತ್ತಿದಾಗ ಸಿಟ್ಟಾಗದೆ ಸಂಭಾಳಿಸುವುದು, ನಡುರಾತ್ರಿಯಲ್ಲಿ ವೈದ್ಯರನ್ನು ಎಬ್ಬಿಸಬೇಕೋ ಬೇಡವೋ ಎಂದು ಒಬ್ಬರೇ ತೀರ್ಮಾನಿಸುವುದು, ಇವುಗಳಲ್ಲಿ ಒಂದೂ ಆ ಸಾಲಿನಲ್ಲಿಲ್ಲ. ಬರೆದಿಡದ ಕೌಶಲಕ್ಕೆ ಯಾರೂ ಅಂಕ ಕೊಡುವುದಿಲ್ಲ.

ಆದ್ದರಿಂದ ಅರ್ಜಿ ಬರೆಯುವ ಮೊದಲು, ನಿಮ್ಮ ವಿಭಾಗದ ಇತರರನ್ನೂ ಸೇರಿಸಿಕೊಂಡು, ಒಂದು ಪಾಳಿಯಲ್ಲಿ ನೀವು ಮಾಡುವ ಪ್ರತಿಯೊಂದು ಕೆಲಸವನ್ನೂ ಹೊತ್ತಿನ ಸಹಿತ ಬರೆದಿಡಿ. ಎತ್ತಿದ ಭಾರ, ಮಾಡಿದ ನಿರ್ಧಾರ, ತಗುಲಬಹುದಾದ ಸೋಂಕು, ಎಲ್ಲವೂ ಅದರಲ್ಲಿರಲಿ. ಎರಡೂ ವಿಭಾಗಗಳ ದಿನಚರಿಯನ್ನು ಎದುರೆದುರು ಇಟ್ಟಾಗ ದುರಸ್ತಿ ವಿಭಾಗದ ಕೆಲಸವೇ ಕೆಲವು ಬಾಬುಗಳಲ್ಲಿ ಮೇಲೆನಿಸಿದರೆ ಅದನ್ನೂ ಪ್ರಾಮಾಣಿಕವಾಗಿ ಒಪ್ಪಿಕೊಳ್ಳಿ. ಒಟ್ಟು ಲೆಕ್ಕ ಮುಖ್ಯ.

ಸಂಬಳ ಒಂದಿಷ್ಟು ಏರಿಸಿ ಬಾಯಿ ಮುಚ್ಚಿಸುವ ಸಾಧ್ಯತೆಯೂ ಇದೆ, ಎಚ್ಚರವಿರಲಿ. 1968ರಲ್ಲಿ ಇಂಗ್ಲೆಂಡಿನ ಡಾಗೆನ್‌ಹ್ಯಾಮ್‌ನ ಫೋರ್ಡ್ ಕಾರ್ಖಾನೆಯಲ್ಲಿ ಕಾರಿನ ಆಸನದ ಹೊದಿಕೆ ಹೊಲಿಯುತ್ತಿದ್ದ ಮಹಿಳೆಯರು, ತಮ್ಮ ಕೆಲಸವನ್ನು ಕಡಿಮೆ ಕೌಶಲದ ದರ್ಜೆಗೆ ಸೇರಿಸಿದ್ದನ್ನು ವಿರೋಧಿಸಿ ಮುಷ್ಕರ ಹೂಡಿದರು. ಅದೇ ದರ್ಜೆಯ ಗಂಡಸರ ಕೂಲಿಯ ಹತ್ತಿರಕ್ಕೆ ಅವರ ಕೂಲಿ ಏರಿತು, 1970ರಲ್ಲಿ ಬ್ರಿಟನ್ನಿನಲ್ಲಿ ಸಮಾನ ವೇತನ ಕಾಯಿದೆಯೂ ಬಂತು. ಆದರೆ ದರ್ಜೆ ಬದಲಾದದ್ದು 1984ರಲ್ಲಿ ಹೂಡಿದ ಮತ್ತೊಂದು ಮುಷ್ಕರದ ನಂತರವೇ. ಹಾಗಾಗಿ ನಿಮ್ಮ ಬೇಡಿಕೆಯಲ್ಲಿ ಸಂಬಳದ ಜೊತೆಗೆ ಹುದ್ದೆಯ ಮರುಮೌಲ್ಯಮಾಪನವೂ ಇರಲೇಬೇಕು.

ನಿಮ್ಮದೇ ಕಸುಬಿನ ಉದಾಹರಣೆಯೂ ಇದೆ. ನ್ಯೂಜಿಲೆಂಡಿನಲ್ಲಿ ವೃದ್ಧರ ಆರೈಕೆ ಮಾಡುತ್ತಿದ್ದ ಕ್ರಿಸ್ಟೀನ್ ಬಾರ್ಟ್ಲೆಟ್ ಅವರು ಕಾರ್ಮಿಕ ಸಂಘದ ಬೆಂಬಲದಿಂದ 2012ರಲ್ಲಿ ಹೂಡಿದ ದಾವೆ, 2017ರಲ್ಲಿ ಸುಮಾರು 55,000 ಆರೈಕೆ ಕೆಲಸಗಾರರಿಗೆ ವೇತನ ಹೆಚ್ಚಿಸಿದ ಸರ್ಕಾರಿ ಒಪ್ಪಂದದಲ್ಲಿ ಮುಗಿಯಿತು. ಆದರೆ 2025ರಲ್ಲಿ ಅಲ್ಲಿಯ ಸರ್ಕಾರ ಕಾನೂನನ್ನು ಬಿಗಿಗೊಳಿಸಿ, ನಡೆಯುತ್ತಿದ್ದ ಇಂಥ 33 ಅಹವಾಲುಗಳನ್ನು ಒಮ್ಮೆಗೇ ನಿಲ್ಲಿಸಿಬಿಟ್ಟಿತು. ಹೀಗಾಗಿ ನಿಮಗೆ ಅನ್ವಯಿಸುವ ಕಾನೂನು ಒಂದೇ ಬಗೆಯ ಕೆಲಸವನ್ನು ಮಾತ್ರ ಹೋಲಿಸುತ್ತದೆಯೇ, ಬೇರೆ ಬಗೆಯ ಕೆಲಸವನ್ನೂ ಹೋಲಿಸಲು ಬಿಡುತ್ತದೆಯೇ ಎಂಬುದನ್ನು ಕಾರ್ಮಿಕ ಸಂಘದವರಲ್ಲಿ ಅಥವಾ ಕಾರ್ಮಿಕ ವಕೀಲರಲ್ಲಿ ಮೊದಲೇ ಕೇಳಿ ತಿಳಿಯಿರಿ. ಒಬ್ಬರೇ ಹೋಗಬೇಡಿ.

ಹಿರಿಯರಿಗೆ ದ್ರೋಹವಾದೀತೆಂಬ ಅಳುಕಿನ ಬಗ್ಗೆ ನಾನು ಸ್ವಲ್ಪ ಕಟುವಾಗಿಯೇ ಹೇಳಬೇಕು. ನಿಮಗೆ ಅವರ ಮೇಲಿರುವ ಅಕ್ಕರೆ ಸಂಸ್ಥೆಗೆ ಚೆನ್ನಾಗಿ ಗೊತ್ತು, ಅದನ್ನೇ ನೆಚ್ಚಿಕೊಂಡು ಅದು ಕಡಿಮೆ ಕೊಡುತ್ತಿದೆ. ಬರುವ ಸಂಬಳ ಸಾಲದೆ ಅನುಭವಿಗಳು ಬಿಟ್ಟುಹೋದಾಗ, ಪ್ರತಿ ಬಾರಿಯೂ ಹೊಸಬರ ಕೈಗೆ ಒಗ್ಗಿಕೊಳ್ಳಬೇಕಾದವರು ಆ ಹಿರಿಯರೇ. ಸಂಬಳ ಕೇಳುತ್ತ ಅವರ ಆರೈಕೆಯಲ್ಲಿ ಕೊರತೆ ಮಾಡಬೇಡಿ, ಅಷ್ಟು ಸಾಕು.

ಸಹೋದ್ಯೋಗಿಯ ಚೀಟಿಯನ್ನು ಎಲ್ಲಿಯೂ ಪ್ರಸ್ತಾಪಿಸಬೇಡಿ; ಅವರು ನಂಬಿ ತೋರಿಸಿದ್ದು. ಎರಡೂ ವಿಭಾಗಗಳ ವೇತನ ಶ್ರೇಣಿಯನ್ನೂ, ಅದನ್ನು ಯಾವ ಆಧಾರದ ಮೇಲೆ ನಿಗದಿಪಡಿಸಲಾಗಿದೆ ಎಂಬುದನ್ನೂ ತಿಳಿಸುವಂತೆ ನಿಮ್ಮ ವಿಭಾಗದವರೆಲ್ಲರ ಸಹಿಯೊಡನೆ ಲಿಖಿತವಾಗಿ ಕೇಳಿ. ಅರ್ಜಿಯ ಪ್ರತಿಗೆ ಸ್ವೀಕೃತಿಯ ಸಹಿಯನ್ನೂ ದಿನಾಂಕವನ್ನೂ ಹಾಕಿಸಿಕೊಂಡು, ಅದನ್ನು ಕಚೇರಿಯಲ್ಲಿ ಬಿಡದೆ ನಿಮ್ಮ ಬಳಿಯೇ ಇಟ್ಟುಕೊಳ್ಳಿ.